ಕಣ್ಣಿಲ್ಲದ ಸೂಜಿ

ನನ್ನ ಅತ್ತೆಯ ಕಾಲಿನಲ್ಲಿ ಹುಣ್ಣಿದೆ ಎಂಬ ಸಂಗತಿ ಅಮ್ಮತ್ತಿ ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಒಂದೇ ಸೂರಿನಡಿ ಇದ್ದೆವು, ಒಂದೇ ಒಲೆಯ ಮುಂದೆ ಕೂರುತ್ತಿದ್ದೆವು. ಆದರೆ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಅಕ್ಕಿ ನೆನೆಹಾಕಿದೆಯಾ, ಹಾಕಿದೆ. ಬಾಗಿಲು ಹಾಕಿದೆಯಾ, ಹಾಕಿದೆ. ಅಷ್ಟೆ.

ನಮ್ಮದು ಶನಿವಾರಸಂತೆ ಕಡೆಯಿಂದ ಬಂದ ವ್ಯಾಪಾರಸ್ಥ ಲಿಂಗಾಯತರ ಮನೆ. ಅಮ್ಮತ್ತಿ ಪೇಟೆಯಲ್ಲಿ ಬಟ್ಟೆ, ನೂಲು, ಸೂಜಿ, ಸೋಪು, ಲಾಟೀನಿನ ಗಾಜು ಇಂಥವನ್ನು ಮಾರುವ ಅಂಗಡಿ ಇತ್ತು. ಹಿಂದೆ ಮನೆ, ಮುಂದೆ ಅಂಗಡಿ. ಸಂತೆಯ ದಿನ ಪಾಲಿಬೆಟ್ಟದ ಕಾಫಿ ಎಸ್ಟೇಟುಗಳ ಕೂಲಿ ಲೈನಿನಿಂದ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಅತ್ತೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಯಾರು ಏನು ಮುಟ್ಟಿದರು, ಯಾರು ಮುಟ್ಟಿ ಕೊಳ್ಳದೆ ಹೋದರು ಎಂದು ನೋಡುತ್ತಿದ್ದರು. ಅಂಥ ಒಂದು ಸಂತೆಯ ದಿನ, ಸೀರೆ ಕೊಳ್ಳಲು ಬಂದ ಕೊಡವರ ಹೆಂಗಸೊಬ್ಬರು ಅತ್ತೆಯ ಕಾಲಿನ ಕಡೆ ನೋಡಿ, "ಅಮ್ಮ, ನೊಣ ಯಾಕೆ ಹೀಗೆ ಮುತ್ತಿದೆ? ಎಂಥ ಆಯಿತು?" ಎಂದು ಕೇಳಿದರು.

"ಎಂಥದಿಲ್ಲ. ಜಿಗಣೆ ಕಚ್ಚಿದ್ದು."

"ಯಾವಾಗ?"

"ಹೋದ ಮಳೆಗಾಲದಲ್ಲಿ."

ಆಗ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುತ್ತ ಬಂದಿತ್ತು, ಮಳೆಗಾಲ ಕಳೆದು ತಿಂಗಳುಗಳೇ ಆಗಿದ್ದವು. ಆ ಹೆಂಗಸು ಕೈಯಲ್ಲಿದ್ದ ಸೀರೆ ಕೆಳಗಿಟ್ಟು, "ಅದು ಜಿಗಣೆಯೋ ಹುಲಿಯೋ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಆ ಮಾತು ಪೇಟೆಯ ಎರಡು ತುದಿಯನ್ನೂ ಮುಟ್ಟಿತ್ತು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ನಮ್ಮ ಯಜಮಾನರು ಬಂದು, "ಅವ್ವನ ಕಾಲಿಗೇನಾಗಿದೆ?" ಎಂದು ನನ್ನನ್ನೇ ಕೇಳಿದರು.

ಅತ್ತೆ ಹೊಸ ಮದುಮಗಳಾಗಿದ್ದಾಗ ಕುದಿಯುವ ಬೆಲ್ಲದ ಪಾಕದ ಬಾಂಡ್ಲಿ ಉರುಳಿ, ಮೊಣಕಾಲಿನ ಕೆಳಗೆಲ್ಲ ಸುಟ್ಟಿತ್ತಂತೆ. ಆ ಗಾಯ ಮಾಯ್ದ ಜಾಗ ನುಣ್ಣಗೆ, ಬಿಗಿಯಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಈಗ ಅದರ ನಡುವೆ ಒಂದು ಹುಣ್ಣು ಬಾಯಿಬಿಟ್ಟಿತ್ತು. ಅಂಚು ದಪ್ಪ, ಗಟ್ಟಿ. ಹೂಕೋಸಿನ ಹಾಗೆ ಒಡೆದು ನಿಂತಿತ್ತು. ಅತ್ತೆ ಅದಕ್ಕೆ ಅರಿಶಿನ, ಬೇವು, ಸುಣ್ಣ, ಹೊಗೆಸೊಪ್ಪು, ಕೊನೆಗೆ ಅಂಗಡಿಯಲ್ಲಿದ್ದ ಬೂಟಿನ ಪಾಲೀಶನ್ನೂ ಹಚ್ಚಿ ನೋಡಿದ್ದರು. ಬಗ್ಗದ ಚರ್ಮ ಮೆತ್ತಗಾಗಲಿ ಎಂದು ಹಚ್ಚಿದ್ದಂತೆ.

ಮಡಿಕೇರಿಗೆ ಕರೆದುಕೊಂಡು ಹೋಗಲು ಒಂದು ವಾರ ಗೋಗರೆಯಬೇಕಾಯಿತು. ಕೊನೆಗೆ ಡಾಕ್ಟರು ಬರೀ ನೋಡಬೇಕು, ಮುಟ್ಟಬಾರದು ಎಂಬ ಷರತ್ತಿನ ಮೇಲೆ ಬಸ್ಸು ಹತ್ತಿದರು. ಅಲ್ಲಿನ ಡಾಕ್ಟರು ನಡುವಯಸ್ಸಿನವರು, ಮೀಸೆ ಬಿಟ್ಟು ಗಂಭೀರವಾಗಿದ್ದರು. ಅತ್ತೆ ಅವರನ್ನು ಮೊದಲ ಮಾತಿನಲ್ಲೇ "ಮಗ" ಎಂದರು. ಆಮೇಲೆ ಎಲ್ಲ ಡಾಕ್ಟರನ್ನೂ ಹಾಗೆಯೇ ಕರೆದರು.

"ಕತ್ತರಿಸಬೇಕಾಗುತ್ತದೆ ಅಮ್ಮ," ಎಂದರು ಡಾಕ್ಟರು.

"ಕಾಲನ್ನಾ?"

"ಹುಣ್ಣನ್ನು."

"ಅದನ್ನ ಮೊದಲೇ ಹೇಳಬಾರದಾ ಮಗ? ಹುಣ್ಣು ನೀನೇ ಇಟ್ಕೊ. ಕಾಲು ನಂಗೆ ಬೇಕು, ಕೆಲಸ ಐತೆ."

ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ಅಗಲವಾಗಿ ಕತ್ತರಿಸಿ, ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಲ್ಲಿಗೆ ಹೊದಿಸಿದರು. ಲೈನಿನವರು ಕಂಬಳಿಗೆ ತೇಪೆ ಹಾಕಿದ ಹಾಗೆ ಹಾಕಿದ್ದಾರೆ, ಆದರೆ ಬಣ್ಣ ನೋಡಿ ಹಾಕಿಲ್ಲ ಎಂಬುದು ಅತ್ತೆಯ ದೂರು. ತೇಪೆ ಚೆನ್ನಾಗಿಯೇ ಕೂತಿತು. ಕತ್ತರಿಸಿದ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ಉತ್ತರ ಬಂದ ದಿನ ಡಾಕ್ಟರು ನನ್ನನ್ನೂ ನಮ್ಮ ಯಜಮಾನರನ್ನೂ ಜಗಲಿಗೆ ಕರೆದರು.

"ಇದು ಚರ್ಮದ ಕ್ಯಾನ್ಸರು. ಸುಟ್ಟ ಕಲೆಯ ಮೇಲೆ ಹುಟ್ಟುವುದು ಸುಮ್ಮನೆ ಬಿಡುವ ಜಾತಿಯದಲ್ಲ. ನಾನು ಅಗಲವಾಗಿಯೇ ತೆಗೆದಿದ್ದೇನೆ. ಆದರೂ ಒಂದು ಕಡೆ ಅದು ಅಂಚಿನವರೆಗೂ ಬಂದಿತ್ತು. ತೋಟದಲ್ಲಿ ಲಂಟಾನದ ಪೊದೆ ಕಡಿಸುತ್ತಾರಲ್ಲ, ಬೇರಿನ ತುಣುಕು ಉಳಿದರೆ ಮತ್ತೆ ಚಿಗುರುತ್ತದೆ. ಆ ಬೇರು ಸುಡುವುದಕ್ಕೆ ರೇಡಿಯಂ ಇಡಿಸಬೇಕು. ಅದು ನಮ್ಮಲ್ಲಿಲ್ಲ, ಬೆಂಗಳೂರಿನಲ್ಲಿದೆ."

ನಮ್ಮ ಯಜಮಾನರು, "ರೇಡಿಯೋ ಯಾಕೆ ಸಾರ್?" ಎಂದರು.

ಪಾಲಿಬೆಟ್ಟದ ಎಸ್ಟೇಟಿನ ಬಿಳಿ ದೊರೆಯ ಬಂಗಲೆಗೆ ಆಗಷ್ಟೇ ರೇಡಿಯೋ ಬಂದಿತ್ತು. ಅವರ ತಪ್ಪೇನೂ ಇಲ್ಲ. ನನಗೆ ಅಳು ಬರುವ ಹಾಗಿತ್ತು. ಆ ಮಾತು ಕೇಳಿ ನಗು ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ.

ಮನೆಗೆ ಬಂದ ಮೇಲೆ ಅತ್ತೆ ಮಗನನ್ನು ಕೂರಿಸಿಕೊಂಡು, "ಏನಂದ ಡಾಕ್ಟ್ರು?" ಎಂದರು.

"ಏನಿಲ್ಲ ಅವ್ವ. ಇನ್ನೊಂಚೂರು ಔಷಧಿ ಐತಂತೆ. ಬೆಂಗಳೂರಲ್ಲಿ."

"ಹುಣ್ಣಿನ ಹೆಸರೇನು?"

"ಹೆಸರೆಲ್ಲ ಏನಿಲ್ಲ."

"ಹೆಸರಿಲ್ಲದ ಹುಣ್ಣಿಗೆ ಬೆಂಗಳೂರಿಗೆ ಯಾಕೆ ಹೋಗ್ಬೇಕು?"

ನಮ್ಮ ಯಜಮಾನರು ಎದ್ದು ಅಂಗಡಿಗೆ ಹೋಗಿಬಿಟ್ಟರು. ಗಿರಾಕಿ ಬಂದಿದ್ದಾರೆ ಎಂದರು. ಯಾರೂ ಬಂದಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. ನಾನು ಡಾಕ್ಟರು ಹೇಳಿದ್ದನ್ನು, ಲಂಟಾನದ ಬೇರಿನ ಸಮೇತ, ಹಾಗೆಯೇ ಹೇಳಿಬಿಟ್ಟೆ.

"ಅದು ನನ್ನನ್ನ ಕೊಲ್ಲುತ್ತಾ?"

"ಗೊತ್ತಿಲ್ಲ ಅತ್ತೆ. ರೇಡಿಯಂ ಇಟ್ಟರೆ ತಡೀಬಹುದು ಅಂದ್ರು."

ಅತ್ತೆ ಕಾಲನ್ನು ಮುಂದೆ ಚಾಚಿ, ಬ್ಯಾಂಡೇಜಿನ ಕಡೆ ನೋಡುತ್ತ ಕೂತರು. ಆಮೇಲೆ, "ಹಂಗಾರೆ ನನ್ನ ಜೊತೆ ನೀನೇ ಬಾ. ಅವನು ಬಂದರೆ ದಾರಿ ಉದ್ದಕ್ಕೂ ಸುಳ್ಳು ಹೇಳ್ತಾನೆ" ಎಂದರು. ಅವರ ಮನೆಗೆ ಬಂದ ಮೇಲೆ ನನ್ನನ್ನು ಅವರು ಯಾವುದಕ್ಕಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ತೇಪೆಯ ಚರ್ಮ ಪೂರಾ ಕೂಡಿಕೊಂಡ ಮೇಲೆ ಹೊರಟೆವು. ಅಷ್ಟರಲ್ಲಿ ಅಮ್ಮತ್ತಿಯಲ್ಲಿ ಎರಡು ಪಂಗಡ ಆಗಿತ್ತು. ಅತ್ತೆಯ ಕಾಲಿಗೆ ರೇಡಿಯೋ ಕೂರಿಸುತ್ತಾರೆ ಎನ್ನುವವರು ಕೆಲವರು. ಅಲ್ಲ, ದೊರೆಯ ಗಡಿಯಾರದಲ್ಲಿ ಕತ್ತಲಲ್ಲಿ ಹೊಳೆಯುವ ಅಂಕಿಗಳಿವೆಯಲ್ಲ, ಅದೇ ರೇಡಿಯಂ, ಇನ್ನು ಮುಂದೆ ಆಕೆಯ ಕಾಲು ಹೊಳೆಯುತ್ತದೆ ಎನ್ನುವವರು ಕೆಲವರು. ಈ ಎರಡನೆಯದನ್ನು ಹಬ್ಬಿಸಿದವರು ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವರು ಇಂಗ್ಲಿಷ್ ಬಲ್ಲವರಾದ್ದರಿಂದ ಆ ಪಂಗಡಕ್ಕೇ ಬಲ ಜಾಸ್ತಿ.

ಮೈಸೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ನಮ್ಮ ಯಜಮಾನರು ಬೆಂಗಳೂರಿಗೆ ಬಂದು, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ, ನನಗೆ ಒಂದು ಮಠದ ಛತ್ರದಲ್ಲಿ ಕೋಣೆ ಗೊತ್ತುಮಾಡಿ, ಅಂಗಡಿ ನೋಡಿಕೊಳ್ಳಲು ವಾಪಸು ಹೋದರು. ನಾನು ಛತ್ರದಲ್ಲಿ ಅಡುಗೆ ಮಾಡಿ ಆಸ್ಪತ್ರೆಗೆ ಒಯ್ಯುತ್ತಿದ್ದೆ.

ರೇಡಿಯಂ ಡಾಕ್ಟರು ಕನ್ನಡಕ ಹಾಕಿದ ಸಣಕಲು ಮನುಷ್ಯರು, ಮೆಲುಮಾತಿನವರು. ಅತ್ತೆಯ ಕಾಲಿನ ಅಳತೆಗೆ ಸರಿಯಾಗಿ ಮೇಣದ ಒಂದು ಕವಚ ಮಾಡಿಸಿದರು. ಅದರೊಳಗೆ ಗುಂಡುಪಿನ್ನಿನಷ್ಟು ಸಣ್ಣ ಲೋಹದ ಕೊಳವೆಗಳನ್ನು ಸಾಲಾಗಿ ಹುದುಗಿಸಿದ್ದರು. ರೇಡಿಯಂ ಇದ್ದದ್ದು ಆ ಕೊಳವೆಗಳೊಳಗೆ. ಆಸ್ಪತ್ರೆಯವರೆಲ್ಲ ಅವನ್ನು ಸೂಜಿ ಎನ್ನುತ್ತಿದ್ದರು. ಬೆಳಿಗ್ಗೆ ಮಲಯಾಳಿ ನರ್ಸೊಬ್ಬರು ಬಂದು ಕವಚ ಕಟ್ಟಬೇಕು, ಮಧ್ಯಾಹ್ನದ ಮೇಲೆ ಬಿಚ್ಚಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಸೀಸದ ಪೆಟ್ಟಿಗೆಗೆ ಹಾಕಬೇಕು. ಕಟ್ಟಿರುವಾಗ ಯಾರೂ ಹತ್ತಿರ ಕೂರಬಾರದು. ಇನ್ನೊಂದು ಕಾಲನ್ನೂ ದೂರ ಇಡಬೇಕೆಂದು ನಡುವೆ ಮರದ ದಿಮ್ಮಿ ಇಟ್ಟಿದ್ದರು.

ದೂರ ಕೂರಬೇಕೆಂಬುದು ಅತ್ತೆಗೆ ಒಪ್ಪಿಗೆಯಾಗಲಿಲ್ಲ.

"ನಾನೇನು ಮೈಲಿಗೆಯಾ?" ಎಂದರು.

"ಹಾಗಲ್ಲಮ್ಮ. ಇದರ ಕಿರಣ ನಿಮಗೆ ಬೇಕು, ಅವರಿಗೆ ಬೇಡ," ಎಂದರು ಡಾಕ್ಟರು.

"ಒಳ್ಳೇದಾದರೆ ಅವಳಿಗೂ ಒಂಚೂರು ಬೀಳಲಿ ಬಿಡು ಮಗ."

ನನ್ನನ್ನು ವಾರ್ಡಿನ ಆ ಕೊನೆಯ ಕಿಟಕಿಯ ಹತ್ತಿರ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಮನೆಯಲ್ಲಿ ಪಿಸುದನಿಯಲ್ಲೂ ಮಾತಾಡದ ನಾವು, ಇಲ್ಲಿ ಎರಡು ಸಾಲು ಮಂಚಗಳ ಆಚೆಯಿಂದ ಕೂಗಿ ಮಾತಾಡಬೇಕಾಯಿತು. ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ನಮ್ಮ ಮನೆಯ ಗುಟ್ಟೆಲ್ಲ ವಾರ್ಡಿನದಾಯಿತು. ಮಂಚಗಳಲ್ಲಿದ್ದ ಹೆಂಗಸರು ಮೊದಲೆರಡು ದಿನ ಮುಖ ಆಚೆ ತಿರುಗಿಸಿದಂತೆ ಮಾಡಿದರು. ಆಮೇಲೆ ನೇರವಾಗಿ ತಿರುಗಿಯೇ ಕೂತರು. ಅತ್ತೆಯ ಪಕ್ಕದಿಂದ ದೂರ ಸರಿಸಿದ್ದ ಮಂಚದಲ್ಲಿ ಕೋಲಾರದ ಕಡೆಯ ಮುದುಕಿ ಒಬ್ಬಳಿದ್ದಳು. ಕೆನ್ನೆಯ ಮೇಲೆ ಗಾಯ, ಬಟ್ಟೆ ಕಟ್ಟಿದ್ದರಿಂದ ಅರ್ಧ ಬಾಯಿಯಲ್ಲಿ ಮಾತಾಡುತ್ತಿದ್ದಳು. ತೀರ್ಪು ಕೊಡಲು ಆಕೆಗೆ ಅರ್ಧ ಬಾಯಿಯೇ ಸಾಕಾಗಿತ್ತು.

ಒಂದು ದಿನ ಅತ್ತೆ ಊಟ ಮಾಡುತ್ತ ಅಲ್ಲಿಂದ ಕೂಗಿದರು. "ಇವತ್ತೂ ಸಾರಿಗೆ ಉಪ್ಪಿಲ್ಲ! ಮದುವೆ ಆಗಿ ಬಂದಾಗಿಂದ ನಿನ್ನ ಸಾರಿಗೆ ಉಪ್ಪೇ ಇಲ್ಲ!"

ನನಗೂ ಎಲ್ಲಿತ್ತೋ ಸಿಟ್ಟು. ದೂರ ಇದ್ದದ್ದರಿಂದ ಧೈರ್ಯವೂ ಬಂತು. "ಬಂದ ಹೊಸದರಲ್ಲಿ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳಿದವರು ನೀವೇ ಅಲ್ವಾ ಅತ್ತೆ! ಅವತ್ತಿಂದ ಕಮ್ಮಿ ಹಾಕ್ತಿದ್ದೀನಿ!"

ವಾರ್ಡಿನವರೆಲ್ಲ ಅತ್ತೆಯ ಕಡೆ ನೋಡಿದರು.

"ಅಷ್ಟು ವರ್ಷದಿಂದ?" ಎಂದರು ಅತ್ತೆ.

"ಅಷ್ಟು ವರ್ಷದಿಂದ!"

"ಅವತ್ತು ನಂಗೆ ಹಲ್ಲುನೋವಿತ್ತು ಕಣೆ," ಎಂದರು ಅತ್ತೆ. ಮೊದಲ ಸಲ ಅವರ ದನಿ ಇಳಿದಿತ್ತು. ನನಗೆ ಕೇಳಿಸಲಿಲ್ಲ. ನಡುವಿನ ಮಂಚದವಳು ನನಗೆ ದಾಟಿಸಿದಳು. ಕೋಲಾರದ ಮುದುಕಿ, "ತಪ್ಪು ನಿಂದೇ ಕಣಮ್ಮ. ಹಲ್ಲುನೋವು ಅಂತ ಬಾಯಿ ಬಿಟ್ಟು ಹೇಳಬೇಕಿತ್ತು" ಎಂದಳು. ಮಾರನೆಯ ದಿನ ನಾನು ಸಾರಿಗೆ ನನ್ನ ಮನಸ್ಸಿಗೆ ಬಂದಷ್ಟು ಉಪ್ಪು ಹಾಕಿ ತಂದೆ. ಅತ್ತೆ ಎರಡು ಸಲ ಬಡಿಸಿಕೊಂಡರು.

ಸೂಜಿಯ ಗಲಾಟೆ ನಡೆದದ್ದು ಅದಾದ ಸ್ವಲ್ಪ ದಿನಕ್ಕೆ. ನಾನು ಸಂಜೆಯ ಬುತ್ತಿ ಹಿಡಿದು ಆಸ್ಪತ್ರೆಯ ಗೇಟಿಗೆ ಬಂದಾಗ ಅಂಗಳದಲ್ಲಿ ಜನ ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದರು. ಕಸದ ಡಬ್ಬಗಳನ್ನು ಬೋರಲು ಹಾಕಿದ್ದರು. ಒಗೆಯಲು ಹೋದ ಬಟ್ಟೆಯ ಗಂಟುಗಳನ್ನು ವಾಪಸು ತರಿಸಿ ಒಂದೊಂದಾಗಿ ಕೊಡವುತ್ತಿದ್ದರು. ವಾರ್ಡಿನ ಮುಂದೆ ಮಲಯಾಳಿ ನರ್ಸು ಅಳುತ್ತ ನಿಂತಿದ್ದರು.

"ಸೂಜಿ ಪೋಯಿತು. ಒಂದು ಸೂಜಿ ಇಲ್ಲ," ಎಂದರು ನನ್ನನ್ನು ಕಂಡ ಕೂಡಲೆ.

ಆಕೆ ಕವಚ ಬಿಚ್ಚಿ ನೋಡಿದಾಗ ಒಂದು ಕೊಳವೆಯ ಜಾಗ ಖಾಲಿಯಿತ್ತಂತೆ. ಕವಚವನ್ನು ಸೀಸದ ಪೆಟ್ಟಿಗೆಗೆ ಹಾಕಿ ಡಾಕ್ಟರನ್ನು ಕರೆತಂದಿದ್ದರು. ರೇಡಿಯಂ ಎಂದರೆ ಚಿನ್ನವನ್ನೂ ಮೀರಿದ ವಸ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲೋ ಬಿದ್ದು ಯಾರ ಮೈಯನ್ನೋ ಸುಟ್ಟರೆ ಎಂಬ ಭಯ. ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

ಈ ಗೊಂದಲದಲ್ಲೆಲ್ಲ ಸಮಾಧಾನವಾಗಿ ಇದ್ದವರೆಂದರೆ ಅತ್ತೆ ಒಬ್ಬರೇ. ಕವಚ ಬಿಚ್ಚಿದ್ದರಿಂದ ಅವರಿಗೆ ಓಡಾಡುವ ಬಿಡುವಿತ್ತು. ಕೋಲು ಊರಿಕೊಂಡು ಜಗಲಿಗೆ ಬಂದು, ಹುಡುಕುವವರಿಗೆ ದಾರಿ ಹೇಳುತ್ತಿದ್ದರು. "ಆ ಮೂಲೆ ನೋಡು. ಗೋಡೆ ಸಂದಿ ನೋಡು. ಸೂಜಿ ಅಂದ್ರೆ ಸಂದೀಗೇ ಹೋಗೋದು. ನಂಗೊತ್ತು, ನಮ್ಮದು ಸೂಜಿ ಅಂಗಡಿ."

ನನ್ನನ್ನು ಕಂಡು, "ನೋಡೇ ಇವರ ಸಂಕಟಾನ. ಒಂದು ಸೂಜಿ ಕಳೆದಿದ್ದಕ್ಕೆ ಆ ಹುಡುಗಿ ಅಳ್ತಾ ಐತೆ. ಊರಿಗೆ ಹೋದ ಮೇಲೆ ಒಂದು ಪೊಟ್ಟಣ ಕಳಿಸಿಕೊಡೋಕೆ ಹೇಳು ನಿನ್ನ ಗಂಡನಿಗೆ. ದಪ್ಪಂದು, ಸಣ್ಣದು, ಎರಡೂ ಕಳಿಸಲಿ" ಎಂದರು.

ಡಾಕ್ಟರು ಒಂದು ಪೆಟ್ಟಿಗೆ ತಂದರು. ಅದರ ಗಾಜಿನ ಒಳಗೆ ಚಿನ್ನದ ತೆಳು ರೇಕುಗಳೆರಡು, ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿಕೊಂಡು ನಿಂತಿದ್ದವು. ರೇಡಿಯಂ ಹತ್ತಿರ ಬಂದರೆ ಅವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಎಂದು ನರ್ಸು ಹೇಳಿದರು. ಡಾಕ್ಟರು ಅದನ್ನು ಎರಡು ಕೈಯಲ್ಲೂ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಿದ್ದರು. ಚರಂಡಿಯ ಮೇಲೆ ಹಿಡಿದರು, ರೇಕು ಅಲುಗಲಿಲ್ಲ. ಕಸದ ಮೇಲೆ ಹಿಡಿದರು, ಅಲುಗಲಿಲ್ಲ. ಬಟ್ಟೆಯ ಗಂಟಿನ ಮೇಲೆ ಹಿಡಿದರು. ಚಿನ್ನ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಕೋಲೂರಿಕೊಂಡು ಅಲ್ಲಿಗೆ ಬಂದರು.

"ಅಸಲಿ ಚಿನ್ನಾನಾ ಮಗ?" ಎಂದು ಬಗ್ಗಿ ನೋಡಿದರು.

ರೇಕುಗಳು ಪಟ್ಟನೆ ಮುಚ್ಚಿಕೊಂಡವು.

ಡಾಕ್ಟರು ಬಟ್ಟೆಯ ಗಂಟನ್ನು ನೋಡಿದರು, ಅತ್ತೆಯನ್ನು ನೋಡಿದರು. "ಅಮ್ಮ, ಸ್ವಲ್ಪ ಆಚೆ ಹೋಗಿ" ಎಂದರು. ಅತ್ತೆ ಮುನಿಸಿಕೊಂಡು ಜಗಲಿಯ ಆ ಕೊನೆಗೆ ಹೋದರು. ಡಾಕ್ಟರು ಒಂದು ಕಡ್ಡಿಯನ್ನು ಬಟ್ಟೆಗೆ ಉಜ್ಜಿ ಪೆಟ್ಟಿಗೆಗೆ ತಾಗಿಸಿ ಸರಿಮಾಡಿದರು. ರೇಕುಗಳು ಮತ್ತೆ ಬಿಚ್ಚಿಕೊಂಡವು. "ಈಗ ಬನ್ನಿ."

"ಹೋಗು ಅಂತೀಯ, ಬಾ ಅಂತೀಯ. ನನ್ನ ಕಾಲಿಗೆ ಆಪರೇಸನ್ ಆಗೈತೆ."

ಬಂದರು. ರೇಕು ಮುಚ್ಚಿಕೊಂಡಿತು.

"ಅಮ್ಮ, ನಿಮ್ಮ ಸೊಂಟದಲ್ಲಿ ಏನಿದೆ?"

"ಎಲೆಅಡಿಕೆ ಚೀಲ. ನಿಂಗೂ ಬೇಕಾ?" ಎಂದು ಅತ್ತೆ ಚೀಲ ಬಿಚ್ಚಿದರು. ಎಲೆ, ಅಡಿಕೆ ಹೋಳು, ಬೆಳ್ಳಿಯ ಸುಣ್ಣದ ಡಬ್ಬಿ, ಎಲ್ಲದರ ನಡುವೆ ಆ ಪುಟ್ಟ ಲೋಹದ ಕೊಳವೆ ಮಿರಮಿರ ಮಿಂಚುತ್ತಿತ್ತು. ಡಾಕ್ಟರು ಏನೂ ಹೇಳದೆ ಚೀಲವನ್ನು ಕಸಿದುಕೊಂಡು, ಕೈ ಆದಷ್ಟೂ ಮುಂದೆ ಚಾಚಿ ಹಿಡಿದು, ಸೀಸದ ಪೆಟ್ಟಿಗೆಯ ಕಡೆ ಓಡಿದರು. ಆ ಮನುಷ್ಯ ಓಡುವುದನ್ನು ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ಬೆಳಿಗ್ಗೆ ಕವಚದ ಕೆಳಗೆ ತುರಿಕೆ ತಡೆಯಲಾರದೆ ಅತ್ತೆ ಕಟ್ಟು ಸಡಿಲಿಸಿ ಕೆರೆದುಕೊಂಡಿದ್ದರು. ಸೆಕೆಗೆ ಮೇಣ ಮೆತ್ತಗಾಗಿ ಒಂದು ಕೊಳವೆ ಹಾಸಿಗೆಗೆ ಬಿದ್ದಿತ್ತು. ನರ್ಸಿನ ಟೋಪಿಯಿಂದ ಬಿದ್ದ ಪಿನ್ನಿರಬೇಕು, ಬಂದಾಗ ಕೊಡೋಣ ಎಂದು ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದರು. ಆಮೇಲೆ ಮರೆತರು.

"ಸೂಜಿ ಸೂಜಿ ಅಂತ ಇಷ್ಟು ಹೊತ್ತು ಎಲ್ಲರೂ ಕೂಗಿದ್ವಲ್ಲಮ್ಮ, ಹೇಳಬಾರದಿತ್ತೆ?" ಎಂದರು ಡಾಕ್ಟರು. ಅವರ ಕನ್ನಡಕದ ಮೇಲೆ ಬೆವರು.

ಅತ್ತೆಗೆ ನಿಜವಾಗಿ ಕೋಪ ಬಂತು. "ಅದಕ್ಕೆ ಕಣ್ಣೆಲ್ಲೈತೆ ಮಗ? ನಾನು ಹುಟ್ಟಿದಾಗಿಂದ ಸೂಜಿ ಮಾರಿದೋಳು. ಕಣ್ಣಿಲ್ಲದ್ದು ಸೂಜಿ ಹೆಂಗಾಗುತ್ತೆ?"

ಡಾಕ್ಟರು ಕುರ್ಚಿಯ ಮೇಲೆ ಕೂತುಬಿಟ್ಟರು. ಮೊದಲು ನಕ್ಕದ್ದು ನರ್ಸು. ಅಳುತ್ತಿದ್ದವರು ಹಾಗೆಯೇ ನಗತೊಡಗಿದರು. ಆಮೇಲೆ ಡಾಕ್ಟರೂ ನಕ್ಕರು. ಅತ್ತೆಯ ಸೊಂಟದ ಜಾಗವನ್ನು ಪರೀಕ್ಷಿಸಿ, ಕೆಂಪಾದರೂ ಆಗಬಹುದು, ಏನೂ ಹಚ್ಚಬೇಡಿ ಎಂದರು. ಕೆಲವು ದಿನದ ಮೇಲೆ ಅಲ್ಲಿ ಒಂದು ಕಾಸಿನಷ್ಟು ಅಗಲ ಕೆಂಪಾಗಿ ತಾನಾಗಿಯೇ ಹೋಯಿತು. ಬೆಳ್ಳಿಯ ಸುಣ್ಣದ ಡಬ್ಬಿಯನ್ನು ಚೆನ್ನಾಗಿ ಪರೀಕ್ಷಿಸಿ ವಾಪಸು ಕೊಟ್ಟರು. ಎಲೆಅಡಿಕೆ ಕೊಡಲಿಲ್ಲ. ಅದನ್ನು ಡಾಕ್ಟರೇ ತಿಂದರು ಎಂದು ಅತ್ತೆ ವಾರ್ಡಿಗೆಲ್ಲ ಹೇಳಿದರು.

ಕವಚ ಇಡುವುದು ಮುಗಿದು ಊರಿಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಡಾಕ್ಟರು ಮೊದಲೇ ಹೇಳಿದ್ದ ಹಾಗೆ ಕಾಲಿನ ಚರ್ಮ ಕೆಂಪಾಯಿತು, ಕಪ್ಪಿಟ್ಟಿತು, ಸುಲಿದು ನೀರಾಡತೊಡಗಿತು. ಮತ್ತೆ ಪಾಕ ಬಿದ್ದ ಹಾಗಿದೆ ಎಂದು ಅತ್ತೆ ಹಲ್ಲು ಕಚ್ಚಿ ಹೇಳಿದ ದಿನ, ನಾವು ಮಾಡಿಸಿದ್ದು ಸರಿಯೋ ತಪ್ಪೋ ಎಂದು ನನಗೆ ದಿಗಿಲಾಗಿತ್ತು. ಸೋಪು ಬೇಡ, ಬಿಸಿಲು ಬೇಡ, ಸೊಪ್ಪುಸದೆ ಹಚ್ಚಬೇಡಿ, ಕೊಟ್ಟ ಮುಲಾಮು ಮಾತ್ರ ಎಂದಿದ್ದರು. ನಾನು ದಿನಾ ಎರಡು ಹೊತ್ತು ತೊಳೆದು ಮುಲಾಮು ಸವರಿ ಹಳೆಯ ಪಂಚೆಯ ಬಟ್ಟೆ ಸುತ್ತುತ್ತಿದ್ದೆ. ಯಾರ ಮಾತೂ ಕೇಳದ ಅತ್ತೆ ಈ ವಿಷಯದಲ್ಲಿ ಮಾತ್ರ ಮಗುವಿನ ಹಾಗೆ ಕಾಲು ಚಾಚಿ ಕೂರುತ್ತಿದ್ದರು.

ಕಾಲು ನೋಡಲು ಬರುವವರಿಗೆ ಬಿಡುವಿರಲಿಲ್ಲ. ರೈಟರ ಪಂಗಡದವರಿಗೆ ಅದು ಹೊಳೆಯುವುದನ್ನು ಕಾಣಲೇಬೇಕಿತ್ತು. ಜಿಗಣೆಯೋ ಹುಲಿಯೋ ಎಂದಿದ್ದ ಕೊಡವರ ಹೆಂಗಸೂ ಒಂದು ಬೆಳಿಗ್ಗೆ ಕಿತ್ತಳೆಹಣ್ಣಿನ ಬುಟ್ಟಿ ತಂದರು. ಅತ್ತೆ ಅವರನ್ನೂ ರೈಟರನ್ನೂ ದಾಸ್ತಾನು ಕೋಣೆಗೆ ಕರೆದೊಯ್ದು ನನ್ನಿಂದ ಕಿಟಕಿ ಬಾಗಿಲು ಮುಚ್ಚಿಸಿದರು. ಗೋಣಿಚೀಲ, ಸೋಪಿನ ವಾಸನೆಯ ನಡುವೆ ನಾವು ನಾಲ್ವರೂ ಉಸಿರು ಬಿಗಿಹಿಡಿದು ನಿಂತೆವು. ಅತ್ತೆ ಸೀರೆ ಮೊಣಕಾಲಿಗೆ ಎತ್ತಿದರು.

"ಎಂಥದೂ ಕಾಣೋದಿಲ್ಲಲ್ಲ," ಎಂದಿತು ಕೊಡವರ ಹೆಂಗಸಿನ ದನಿ.

"ಸ್ವಲ್ಪ ಹೊತ್ತು ನೋಡಬೇಕು," ಎಂದರು ರೈಟರು. ಇನ್ನಷ್ಟು ಹೊತ್ತಾದ ಮೇಲೆ, "ಅಗೋ, ಹಸಿರು ಛಾಯೆ!" ಎಂದರು.

"ಅದು ಈ ಕಾಲು," ಎಂದರು ಅತ್ತೆ. "ರೇಡಿಯಂ ಇಟ್ಟಿದ್ದು ಆ ಕಾಲಿಗೆ."

ಮಳೆ ಹಿಡಿಯುವ ಮೊದಲೇ ಗಾಯ ಒಣಗಿತು. ಹೊಸ ಚರ್ಮ ತೆಳ್ಳಗೆ, ಚುಕ್ಕೆ ಚುಕ್ಕೆಯಾಗಿ ಬಂತು. ರೋಗ ಮೇಲಕ್ಕೆ ಹಬ್ಬಿ ತೊಡೆಸಂದಿಯಲ್ಲಿ ಗಂಟು ಕಟ್ಟಿದೆಯೇ ಎಂದು ಮುಟ್ಟಿ ನೋಡುವುದನ್ನು ಮಡಿಕೇರಿಯ ಡಾಕ್ಟರು ನನಗೆ ಕಲಿಸಿದ್ದರು. ಪ್ರತಿ ಸಲ ಮುಟ್ಟುವಾಗ ಅತ್ತೆ ಸೂರನ್ನು ನೋಡುತ್ತ ಮಲಗಿ, "ಸಿಕ್ಕಿತಾ?" ಎನ್ನುತ್ತಿದ್ದರು. "ಇಲ್ಲ ಅತ್ತೆ" ಎಂದರೆ, "ಹಂಗಾರೆ ಏಳು, ಒಲೆ ಮೇಲೆ ಹಾಲೈತೆ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಬೆಂಗಳೂರಿಗೆ ತೋರಿಸಲು ಹೋಗಬೇಕಿತ್ತು. ನಾವಿಬ್ಬರೇ ಹೋಗುತ್ತಿದ್ದೆವು. ಆಸ್ಪತ್ರೆಯಲ್ಲಿ ಕಾಲು ತೋರಿಸುವ ಕೆಲಸ ಬೇಗ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಪೇಟೆ, ಹೋಟೆಲಿನ ಮಸಾಲೆದೋಸೆ, ಬರುವಾಗ ಮೈಸೂರಿನಲ್ಲಿ ಒಂದು ದಿನ. ಡಾಕ್ಟರು ಓದುವ ಹುಡುಗರಿಗೆ ಅತ್ತೆಯ ಕಾಲನ್ನು ತೋರಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದರು. ಅವರು ಹೇಳಿ ಮುಗಿಸಿದ ಮೇಲೆ ಅತ್ತೆ ಅದನ್ನೆಲ್ಲ ಕನ್ನಡದಲ್ಲಿ ಮೊದಲಿಂದ ಹೇಳುತ್ತಿದ್ದರು, ಬೂಟಿನ ಪಾಲೀಶಿನ ಸಮೇತ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಒಂದು ವರ್ಷ ಡಾಕ್ಟರು ಕಾಲನ್ನು ಒತ್ತಿ, ತಿರುವಿ ನೋಡಿ, ನಕ್ಕು, "ಅಮ್ಮ, ಇನ್ನು ನೀವು ಬರಬೇಕಾಗಿಲ್ಲ. ಅದು ಹೋಯಿತು" ಎಂದರು.

ಅತ್ತೆಯ ಮುಖ ಸಪ್ಪಗಾಯಿತು. "ಯಾಕೆ ಬರಬಾರದು?"

"ಬರಬಾರದು ಅಂತಲ್ಲ. ಅಗತ್ಯ ಇಲ್ಲ."

"ಅದು ಹೋಗೈತೆ ಅಂತ ನೀನು ಹೇಳ್ತೀಯ. ಮತ್ತೆ ಬಂದರೆ? ಇವಳು ಎಲ್ಲಿ ಅಂತ ಹುಡುಕ್ತಾಳೆ?" ಎಂದು ನನ್ನನ್ನು ಮುಂದೆ ತಳ್ಳಿದರು. ಡಾಕ್ಟರು ನನ್ನ ಮುಖ ನೋಡಿದರು. ನನಗೂ ಮೈಸೂರಿನ ಆ ಒಂದು ದಿನದ ಮೇಲೆ ಆಸೆಯಿತ್ತು. ನಾನು ನೆಲ ನೋಡಿದೆ.

"ಸರಿ," ಎಂದರು ಡಾಕ್ಟರು, "ಮುಂದಿನ ವರ್ಷವೂ ಬನ್ನಿ."

ಯುದ್ಧದಿಂದಾಗಿ ಪೆಟ್ರೋಲು ಸಿಗದೆ, ಇದ್ದ ಒಂದೇ ಬಸ್ಸು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದ ಕಾಲದಲ್ಲೂ ನಾವು ಹೋಗಿಬಂದೆವು.